ಅಂಟಿನಡಿಯ ದೇಶ

“ಇಡೀ ಒಂದು ದೇಶವನ್ನೇ ಹೂತುಹಾಕಿದ್ದೀರಲ್ಲ!” ಎಂದು ಇಪ್ಪತ್ತು ಮಕ್ಕಳ ಎದುರು ಆಕೆ ಆಡಿದ ಮಾತನ್ನು ರಟ್ಟು ಕಟ್ಟುವವನು ಇವತ್ತಿಗೂ ಕ್ಷಮಿಸಿಲ್ಲ. ಗ್ರಂಥಾಲಯದ ಹರಿದ ಪುಸ್ತಕಗಳನ್ನು ತನ್ನ ಅಂಗಡಿಗೆ ತಂದು ಹೊಲಿದು, ಅಂಟಿಸಿ, ಹೊಸ ರಟ್ಟು ತೊಡಿಸುತ್ತ ಇಪ್ಪತ್ತೆರಡು ವರ್ಷ ಕಳೆದವನು ಅವನು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವನ ತಂಟೆಗೆ ಯಾರು ತಾನೇ ಹೋದಾರು? ಹೋದವರು ಮಕ್ಕಳ ವಿಭಾಗದ ಈ ಮೇಡಂ ಒಬ್ಬರೇ.

ಆಕೆಯ ನಡಿಗೆಯೇ ವಿಚಿತ್ರ. ಕಪಾಟಿನಲ್ಲಿ ನಿಂತ ಪುಸ್ತಕಗಳ ಬೆನ್ನು ಓದಿ ಓದಿ ತಲೆ ಬಲಕ್ಕೆ ವಾಲಿ ಅಲ್ಲೇ ನಿಂತುಬಿಟ್ಟಿತ್ತು. ಬೀದಿಯಲ್ಲೂ, ಮುಂದೆ ಹೋಗುವವರ ಬೆನ್ನಮೇಲೆ ಏನೋ ಅಚ್ಚಾಗಿದೆಯೆಂಬಂತೆ ಓರೆನೋಟ ಬೀರುತ್ತ ನಡೆಯುವರು. ಮೊಣಕೈ ಸವೆದ ಕಂದು ಕೋಟು, ಅದರ ಜೋತುಬಿದ್ದ ಜೇಬುಗಳ ತುಂಬ ಮೋಟು ಪೆನ್ಸಿಲುಗಳು. ಮಕ್ಕಳು ಏನೇ ಹೇಳಲಿ, ಆಕೆಯದು ಒಂದೇ ಮಾತು: “ಆಮೇಲೆ?” ರೆಕ್ಕೆಕುದುರೆ ಸತ್ತೋಯ್ತು ಮಿಸ್ ಎಂದು ಅಳುತ್ತ ಬಂದವಳಿಗೂ “ಆಮೇಲೆ?” ಎಂದೇ ಕೇಳುವರು, ಅವಳು ಮೂಗೊರೆಸಿಕೊಂಡು ಮುಂದಿನ ಸಂಪುಟಕ್ಕೆ ಕೈಚಾಚುವಳು. ಒಮ್ಮೆ ತಂದೆಯೊಬ್ಬ, “ಇಲ್ಲದ ರಾಜ್ಯದ ರಾಜರ ಹೆಸರೆಲ್ಲ ಬಾಯಿಪಾಠ, ಮಗ್ಗಿ ಮಾತ್ರ ಬರಲ್ಲ ಇವಳಿಗೆ” ಎಂದು ಹರಿಹಾಯ್ದ. “ಮಗ್ಗಿಯಲ್ಲಿ ಯಾರೂ ಕಳೆದುಹೋಗಲ್ವಲ್ಲ ಸಾರ್, ಹುಡುಕಿಕೊಂಡು ಯಾಕೆ ಹೋಗ್ತಾಳೆ?” ಎಂದು ಆಕೆ ತಣ್ಣಗೆ ಹುಡುಗಿಯ ಪುಸ್ತಕಕ್ಕೆ ಮುದ್ರೆಯೊತ್ತಿದರು.

ಜಗಳ ಹುಟ್ಟಿದ್ದು ಐದು ಸಂಪುಟಗಳ ಒಂದು ಮಾಯಾಲೋಕದ ಕಥೆಯಿಂದ. ಪ್ರತಿ ಸಂಪುಟದ ರಟ್ಟಿನ ಒಳಮೈಯಲ್ಲಿ ಆ ಲೋಕದ ನಕ್ಷೆಯಿತ್ತು. ತಾರೀಕು ಒತ್ತುವ ಚೀಟಿಯನ್ನು ಒಳರಟ್ಟಿನ ಮೇಲಿನ ಬಲಮೂಲೆಗೆ ಅಂಟಿಸಬೇಕೆಂಬುದು ಗ್ರಂಥಾಲಯದ ಕಟ್ಟಳೆ. ಇವನು ಚಾಚೂ ತಪ್ಪದೆ ಅಂಟಿಸಿದ್ದ. ಮೂರನೆಯ ಸಂಪುಟದಲ್ಲಿ ನಾಯಕಿಯ ದೋಣಿ ದಿಕ್ಕುತಪ್ಪಿ ಈಶಾನ್ಯಕ್ಕೆ ಸಾಗುತ್ತದೆ. ಅವಳೆಲ್ಲಿಗೆ ಹೋದಳೆಂದು ಮಕ್ಕಳು ಉಸಿರು ಬಿಗಿಹಿಡಿದು ನಕ್ಷೆ ತೆಗೆದರೆ, ಅಲ್ಲಿ ಬರೀ ತಾರೀಕುಗಳು!

“ಇಲ್ಲದ ದೇಶಾನ ಹೂತರೆ ಯಾವ ಪೊಲೀಸು ಬರ್ತಾನೆ ಮೇಡಂ?” ಎಂದು ಇವನು ಗುಡುಗಿದ.

“ನಕ್ಷೆ ಹರೀದ ಹಾಗೆ ಚೀಟಿ ಬಿಡಿಸಿ. ಆಗಲ್ಲ ಅಂದ್ರೆ ಹೇಳಿ, ಬೇರೆಯವರ ಹತ್ರ ಮಾಡಿಸ್ತೀನಿ.”

ಬೇರೆಯವರು! ಆ ಒಂದು ಪದ ಅವನ ಎದೆಗೆ ನಾಟಿತು. ಹರಿದರೆ ಗ್ರಂಥಾಲಯದ ಕೆಲಸವೂ ಹೋಯಿತು, ಕಸುಬಿನ ಮರ್ಯಾದೆಯೂ ಹೋಯಿತು. ಹಠಕ್ಕೆ ಬಿದ್ದವನು ಮರುದಿನ ಮಧ್ಯಾಹ್ನ ಮಕ್ಕಳ ಕೋಣೆಯಲ್ಲೇ ಮೇಜು ಹಾಕಿದ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಚೀಟಿಯ ಮೇಲಿಟ್ಟು, ಹಿಟ್ಟಿನ ಅಂಟು ಮೆತ್ತಗಾಗುವತನಕ ಕಾದು, ಮೂಳೆಯ ಅಲಗನ್ನು ಕೂದಲೆಳೆಯಷ್ಟೇ ತೂರಿಸಿದ. ಸುತ್ತ ಇಪ್ಪತ್ತು ತಲೆಗಳು, ನಡುವೆ ವಾಲಿದ ತಲೆಯೊಂದು. ಮುಂಭಾಗದ ಹಲ್ಲು ಬಿದ್ದ ಪುಟ್ಟಿಯೊಬ್ಬಳು, “ಅಂಕಲ್, ಮೆಲ್ಲಗೆ. ಕೆಳಗಡೆ ಜನ ಇದಾರೆ,” ಎಂದಳು. ಬೈಯಲು ತಲೆಯೆತ್ತಿದವನು ಅವಳ ಕಣ್ಣು ಕಂಡು ಮತ್ತೆ ಚೀಟಿಯತ್ತ ಬಾಗಿದ. ಕೈ ತಾನಾಗಿ ಇನ್ನಷ್ಟು ಹಗುರಾಯಿತು.

ಚೀಟಿ ಇಡಿಯಾಗಿ ಎದ್ದುಬಂತು. ನಕ್ಷೆ ಎಳ್ಳಷ್ಟೂ ಹರಿದಿರಲಿಲ್ಲ. ಅಡಿಯಲ್ಲಿದ್ದದ್ದು ಸಮುದ್ರ. ಬರಿಯ ಅಲೆಗೆರೆಗಳು, ಮೂಲೆಗೊಂದು ದಿಕ್ಸೂಚಿ.

“ಇಷ್ಟೇನಾ?” ಎಂದಳು ಪುಟ್ಟಿ. ಆಮೇಲೆ ಗಂಭೀರವಾಗಿ, “ಅಂಕಲ್, ವಾಪಸ್ ಅಂಟಿಸಿಬಿಡಿ.”

ಅವನು ಮೇಡಂ ಮುಖ ನೋಡಿದ. ಐವತ್ತು ದಾಟಿದ ಆ ಮುಖದಲ್ಲೂ ಮಕ್ಕಳದೇ ನಿರಾಶೆ! ಏನೋ ಇದ್ದೇ ಇದೆಯೆಂದು ಆಕೆಯೂ ನಂಬಿದ್ದರು. ಡ್ರಾಯರು ಎಳೆದು, ಚೀಟಿಯಡಿ ಏನಿರಬಹುದೆಂದು ಮಕ್ಕಳು ಬರೆದುಕೊಟ್ಟಿದ್ದ ಚಿತ್ರಗಳನ್ನೆಲ್ಲ ಮೇಜಿನ ಮೇಲೆ ಹರವಿದರು: ತೇಲುವ ಕಾಡು, ನೀರಿನೊಳಕ್ಕೆ ಇಳಿಯುವ ಮೆಟ್ಟಿಲುಗಳ ನಗರ, ನಡುಗಡಲಲ್ಲಿ ಒಂಟಿಯಾಗಿ ನಿಂತ ಬಾಗಿಲು, ಸತ್ತ ಕುದುರೆಗಳೆಲ್ಲ ಬದುಕಿ ಮೇಯುವ ದ್ವೀಪ. ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟವನು ಒಂದೊಂದನ್ನೇ ಎತ್ತಿ ನೋಡಿದ. ತಾನು ಅಂಟಿಸಿದ ಅಂಗೈಯಗಲದ ಕಾಗದದ ಕೆಳಗೆ ಇಷ್ಟೊಂದು ಭೂಮಿಯೇ!

ಮೇಡಂ ಹೇಳುವ ಮೊದಲೇ ಅವನು ಚೀಟಿಗೆ ಮತ್ತೆ ಅಂಟು ಸವರಿದ. ಹೊರಡುವಾಗ ಮೇಡಂ ಅದೇ ಅಳತೆಯ ಖಾಲಿ ಹಾಳೆಯೊಂದನ್ನು ಅವನ ಕೈಗಿಟ್ಟರು.

“ಈ ಕೋಣೇಲಿ ಎಲ್ಲರೂ ಚಿತ್ರ ಕೊಟ್ಟಾಯ್ತು. ನಾನೂ ಕೊಟ್ಟಿದ್ದೀನಿ. ನಿಮ್ಮದೊಂದು ಬಾಕಿ.”

“ನಂಗೆ ಗೀಚೋಕೆ ಬರಲ್ಲ.”

“ಆ ಪುಟ್ಟಿಗೂ ಬರಲ್ಲ. ಬಾಗಿಲು ಬರೆದೋಳು ಅವಳೇ.”

ಮುಂದಿನ ವಾರ ಕೊಡ್ತೀನಿ ಎಂದು ಗೊಣಗಿ ಬಂದ. ಮುಂದಿನ ವಾರ ಹಾಳೆ ಖಾಲಿಯಿತ್ತು, ಅದರ ಮುಂದಿನ ವಾರವೂ ಖಾಲಿಯಿತ್ತು. ಅಷ್ಟರಲ್ಲಿ ಆಕೆಗೆ ಬೇರೆ ಊರಿಗೆ ವರ್ಗವಾಯಿತು. ಮಕ್ಕಳಿಗೆ ಲೋಕ ತೋರಿಸುವವರು ಬಹಳ ಮಂದಿ. ತೋರಿಸಲಾರದ್ದನ್ನು ಅವರ ಪಾಲಿಗೆ ಬಿಟ್ಟುಕೊಟ್ಟು, ತಾವೂ ಅವರೊಡನೆ ಕಾದು ಕೂರುವವರು ಅಪರೂಪ. ಅಂಥವರು ದೊಡ್ಡವರಿಂದಲೂ ಅಷ್ಟನ್ನೇ ಬೇಡುತ್ತಾರೆ, ಕೊಡದಿದ್ದರೆ ಒತ್ತಾಯಿಸದೆ ಹೊರಟುಹೋಗುತ್ತಾರೆ. ಹಾಳೆ ಈಗಲೂ ಅವನ ಅಂಗಡಿಯ ಒತ್ತುಯಂತ್ರದ ಕೆಳಗಿದೆ. ಅದರಲ್ಲಿ ಒಂದೇ ಒಂದು ಗೆರೆ, ನದಿಯೋ ದಾರಿಯೋ ಎಂದು ಅವನಿಗಿನ್ನೂ ತೀರ್ಮಾನವಾಗಿಲ್ಲ.