ತೊಳೆದ ಮೊಟ್ಟೆಗಳು

ವೃದ್ಧಾಶ್ರಮದಲ್ಲಿ ಬಟ್ಟೆ ಒಗೆಯುವ ಕೆಲಸ ನನ್ನದು. ಹೇಸಿಗೆ ನನಗೆ ಹೊಸದಲ್ಲ. ಆದರೂ ಆ ಮಾರ್ಚಿನಲ್ಲಿ ನನ್ನ ಕೋಣೆಯಲ್ಲಿದ್ದ ನಾತದಂಥದ್ದನ್ನು ನಾನು ಬೇರೆಲ್ಲೂ ಮೂಸಿಲ್ಲ.

ಕೋಣೆ ನನ್ನದೆಂದರೂ ಮನೆ ಲವೋನಾ ದೊಡ್ಡಮ್ಮನದು. ಅಯೋವಾದ ಆ ಹಳೇ ಮನೆಯಲ್ಲಿ ಗಾಳಿ ನುಗ್ಗದ ಕೋಣೆ ಅದೊಂದೇ. ಹಾಗಾಗಿ ದೊಡ್ಡಮ್ಮ ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಿಸುವ ಕಾವುಪೆಟ್ಟಿಗೆಯನ್ನು ತಂದು ನನ್ನ ತಲೆದಿಂಬಿನ ಪಕ್ಕದ ಮೇಜಿನ ಮೇಲೆ ಇಟ್ಟಳು. ನನ್ನನ್ನು ಕೇಳಲಿಲ್ಲ. ಬಿಟ್ಟಿ ಇರುವವಳನ್ನು ಯಾರು ಕೇಳುತ್ತಾರೆ?

ಅವಳಿಗೆ ಬೇಕಾಗಿದ್ದದ್ದು ಒಂದು ಹುಂಜ. ಅವಳ ಅಪ್ಪನ ಕಾಲದಿಂದ ಸಾಕಿಕೊಂಡು ಬಂದ ಪಟ್ಟೆಕೋಳಿಯ ತಳಿ ಅದು. ಚಳಿಗಾಲದಲ್ಲಿ ಗೂಡಿಗೆ ರಕೂನ್ ಎಂಬ ಕಾಡುಪ್ರಾಣಿ ನುಗ್ಗಿ ಇದ್ದೊಂದು ಹುಂಜದ ತಲೆಯನ್ನಷ್ಟೇ ತಿಂದು ಮೈಯನ್ನು ಬಿಟ್ಟು ಹೋಯಿತು. ಉಳಿದವು ಕೆಲವು ಮುದಿ ಹೇಂಟೆಗಳು. ಅದೇ ತಳಿ ಇಟ್ಟುಕೊಂಡಿದ್ದ ಇನ್ನೊಬ್ಬ ಮುದುಕ ಪಕ್ಕದ ರಾಜ್ಯ ನೆಬ್ರಾಸ್ಕಾದಲ್ಲಿದ್ದ. ಅವನು ಮಗಳ ಮನೆ ಸೇರುವ ಮೊದಲು ಕೋಳಿಗಳನ್ನೆಲ್ಲ ಕೊಯ್ದು, ಕೊನೆಗೆ ಆಯ್ದ ಒಂದು ಡಜನ್ ಮೊಟ್ಟೆಗಳನ್ನು ಅಂಚೆಯಲ್ಲಿ ಕಳಿಸಿದ. ಇವು ಹೋದರೆ ಮತ್ತೆ ಕೇಳಲು ಯಾರೂ ಇರಲಿಲ್ಲ.

ಮೊಟ್ಟೆಗಳು ಬಂದ ಸ್ಥಿತಿಯೇ ಅಸಹ್ಯವಾಗಿತ್ತು. ದಾರಿಯಲ್ಲೊಂದು ಒಡೆದು ಅದರ ಹಳದಿ ಭಂಡಾರ ಉಳಿದವುಗಳ ಮೇಲೆಲ್ಲ ಒಣಗಿತ್ತು. ಅದರ ಮೇಲೆ ಹಿಕ್ಕೆ, ಪುಕ್ಕ. ಅಂಚೆಯ ಕುಲುಕಾಟದಲ್ಲಿ ಒಳಗಿನ ಗಾಳಿಗುಳ್ಳೆ ಜಾಗ ಬಿಟ್ಟಿರುತ್ತದೆಂದು ದೊಡ್ಡಮ್ಮ ಅವನ್ನು ಚೂಪುತುದಿ ಕೆಳಗಾಗಿ ಅಡುಗೆಮನೆಯಲ್ಲಿ ನಿಲ್ಲಿಸಿ, ಒಂದು ದಿನ ಯಾರೂ ಮುಟ್ಟಬೇಡಿ ಎಂದು ಹೇಳಿ ಚರ್ಚಿಗೆ ಹೋದಳು.

ಅವಳ ಗಂಡ ನಾರ್ಬರ್ಟ್ ದೊಡ್ಡಪ್ಪ ರಸ್ತೆ ಬದಿಯಲ್ಲಿ ತಿನ್ನುವ ಮೊಟ್ಟೆ ಮಾರುತ್ತಾನೆ. ದಿನಾ ಸಂಜೆ ಸಿಂಕಿನ ಮುಂದೆ ನಿಂತು ಸೋಪುನೀರಲ್ಲಿ ಮೊಟ್ಟೆ ತೊಳೆಯುವುದು ಅವನ ರೂಢಿ. ಇವನ್ನೂ ತೊಳೆದ. ತಿನ್ನುವುದನ್ನು ತೊಳೆಯಬಹುದು, ಕಾವಿಗಿಡುವುದನ್ನಲ್ಲ. ಓಡಿನ ಮೇಲಿನ ಪೊರೆ ಹೋದರೆ ಹೊರಗಿನ ಕೊಳೆಯೆಲ್ಲ ಒಳಗಿಳಿಯುತ್ತದೆ. ಇದು ಅವನ ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ.

ಚರ್ಚಿನಿಂದ ಬಂದ ದೊಡ್ಡಮ್ಮ ಥಳಥಳ ಹೊಳೆಯುತ್ತಿದ್ದ ಮೊಟ್ಟೆಗಳನ್ನು ನೋಡಿ ಕೋಟನ್ನೂ ಬಿಚ್ಚದೆ ನಿಂತಳು.

"ಹೇಲು ಮೆತ್ಕೊಂಡಿತ್ತು ಲವೋನಾ," ಎಂದ ಅವನು. "ಸಿಂಕ್ ಪಕ್ಕ ಮೊಟ್ಟೆ ಕಂಡ್ರೆ ನನ್ ಕೈ ಸುಮ್ನಿರುತ್ತಾ?"

ಅವತ್ತಿನಿಂದ ಅವಳು ಅವನೊಂದಿಗೆ ಮಾತನ್ನೇ ಬಿಟ್ಟಳು. ಬೇರೆ ಮೊಟ್ಟೆ ಇಲ್ಲದ್ದರಿಂದ ಅವನ್ನೇ ಕಾವಿಗಿಟ್ಟಳು.

ಎರಡನೇ ವಾರಕ್ಕೆ ನಾತ ಶುರುವಾಯಿತು. ದೊಡ್ಡಮ್ಮ ದಿನಾ ಒಂದೊಂದೇ ಮೊಟ್ಟೆಯನ್ನು ಮೂಗಿಗೆ ಹಿಡಿದು ಮೂಸುತ್ತಿದ್ದಳು. ನನಗೂ ಮೂಸಲು ಕೊಡುತ್ತಿದ್ದಳು, ನನ್ನದು ಎಳೇ ಮೂಗು, ಚುರುಕು ಅಂತ. ಕೆಟ್ಟವು ಕೊಟ್ಟಿಗೆಯ ಹಿಂದಿನ ಗುಂಡಿ ಸೇರಿದವು. ನನ್ನ ಕೂದಲು, ಕಂಬಳಿ, ನಾನು ತಿನ್ನುವ ಬ್ರೆಡ್ಡು ಎಲ್ಲಕ್ಕೂ ಅದೇ ವಾಸನೆ. ಕೊನೆಗೆ ಎರಡು ಉಳಿದವು. ಒಂದರಲ್ಲಿ ಮರಿ ಮಿಸುಕಾಡುವುದು ಟಾರ್ಚಿನ ಬೆಳಕಲ್ಲಿ ಕಾಣುತ್ತಿತ್ತು. ಇನ್ನೊಂದರ ಬಗ್ಗೆ ದೊಡ್ಡಮ್ಮನಿಗೆ ಆಸೆಯಿತ್ತು, ನನಗೆ ಅನುಮಾನ. ಆಮೇಲೆ ಪೆಟ್ಟಿಗೆಯ ಮುಚ್ಚಳ ಮುಚ್ಚಿದವಳು ಮತ್ತೆ ತೆರೆಯಲಿಲ್ಲ. ಮರಿ ಹೊರಬರುವ ಹೊತ್ತಲ್ಲಿ ಪೆಟ್ಟಿಗೆ ತೆರೆದರೆ ಒಳಗಿನ ಪಸೆ ಆರಿ, ಓಡಿನ ಒಳಪೊರೆ ಮರಿಯ ಮೈಗೆ ಅಂಟಿ ಅದು ಒಳಗೇ ಸಾಯುತ್ತದೆ.

ಇಪ್ಪತ್ತೊಂದನೇ ದಿನ ಬೆಳಿಗ್ಗೆ ನಾನು ಕೆಲಸದ ಸಮವಸ್ತ್ರ ಹಾಕಿಕೊಳ್ಳುವಾಗ ಪೆಟ್ಟಿಗೆಯೊಳಗೆ ಚಿಂವ್ ಅಂದಿತು. ಮುಚ್ಚಳದ ಗಾಜಿನಲ್ಲಿ ನೋಡಿದರೆ ಒಂದು ಮೊಟ್ಟೆಯ ಓಡು ಬಿರಿದು ಕೊಕ್ಕಿನ ತುದಿ ಕಾಣುತ್ತಿತ್ತು. ಪಕ್ಕದ ಮೊಟ್ಟೆ ಬೆವರುತ್ತಿತ್ತು. ಓಡಿನ ರಂಧ್ರಗಳಿಂದ ಹೊಗೆಸೊಪ್ಪಿನ ಉಗುಳಿನಂಥ ಕಂದು ಹನಿಗಳು ಜಿನುಗಿ ಇಳಿಯುತ್ತಿದ್ದವು.

ದೊಡ್ಡಮ್ಮನನ್ನು ಕರೆದೆ. ಕೆಟ್ಟದ್ದನ್ನು ತೆಗೆದುಬಿಡು ಎಂದೆ. ಮುಚ್ಚಳ ಎತ್ತುವುದಿಲ್ಲ ಎಂದಳು.

"ಅದು ಒಡೆದ್ರೆ ಆ ಕೊಳಚೆ ಎಲ್ಲಾ ಇದರ ಬಾಯಿಗೇ ಹೋಗೋದು, ದೊಡ್ಡಮ್ಮ."

"ನಂಗೊತ್ತು. ಬಾಯ್ಮುಚ್ಕೊಂಡಿರು, ಡೀನಾ."

ತೆರೆದರೂ ಸಾಯಬಹುದು, ತೆರೆಯದಿದ್ದರೂ ಸಾಯಬಹುದು. ಅವಳು ಕೈಕಟ್ಟಿ ನಿಂತೇ ಇದ್ದಳು. ಬಾಗಿಲಲ್ಲಿ ದೊಡ್ಡಪ್ಪ ಸೂಪಿನ ಸೌಟು ಹಿಡಿದು ಬಂದು ನಿಂತ.

"ನಾನ್ ತೆಗೀತೀನಿ," ಎಂದ. "ಸತ್ರೆ ಅದನ್ನೂ ನನ್ ಲೆಕ್ಕಕ್ಕೇ ಹಾಕು."

ಅವಳು ದಾರಿ ಬಿಟ್ಟಳು. ಅವನು ಮುಚ್ಚಳವನ್ನು ಅಂಗೈಯಷ್ಟು ಎತ್ತಿ ಸೌಟು ತೂರಿಸಿದ. ಮೊಟ್ಟೆ ಸೌಟಿಗೆ ಬಂತು, ಪೆಟ್ಟಿಗೆಯ ಅಂಚಿಗೆ ಬರುವಷ್ಟರಲ್ಲಿ ಢಬ್ ಎಂದು ಸಿಡಿಯಿತು. ಹಸಿರುಬೂದು ಲೋಳೆ ಅವನ ಕನ್ನಡಕಕ್ಕೆ, ನನ್ನ ದಿಂಬಿಗೆ, ಬಿರಿದ ಮೊಟ್ಟೆಯ ಮೇಲೆ ರಾಚಿತು. ಕೊಕ್ಕು ಅದರೊಳಗೆ ಮುಳುಗಿಹೋಯಿತು. ಚಿಂವ್‌ಗುಟ್ಟುವುದು ನಿಂತಿತು.

ದೊಡ್ಡಮ್ಮ ಮುಚ್ಚಳ ಕಿತ್ತೆಸೆದು ಆ ಮೊಟ್ಟೆಯನ್ನೆತ್ತಿಕೊಂಡಳು. ಉಗುರಿನಿಂದ ಓಡು ಸುಲಿದು ಮರಿಯನ್ನು ಎಳೆದು, ಅದರ ಕೊಕ್ಕನ್ನು ತನ್ನ ಬಾಯೊಳಗಿಟ್ಟು ಚೀಪಿದಳು. ನೆಲಕ್ಕೆ ಉಗಿದಳು. ಮತ್ತೆ ಚೀಪಿದಳು, ಮತ್ತೆ ಉಗಿದಳು. ನಾನು ಕಿಟಕಿ ತೆರೆದು ಹೊರಗೆ ಕಾರಿಕೊಂಡೆ.

ತಿರುಗಿದಾಗ ಮರಿ ಕೀಚಲು ದನಿಯಲ್ಲಿ ಅರಚುತ್ತಿತ್ತು. ದೊಡ್ಡಮ್ಮನ ತುಟಿಯ ಸುತ್ತ ಕಂದುಬಣ್ಣ ಮೆತ್ತಿತ್ತು. ಅವಳು ನೈಟಿಯ ಅಂಚಿನಿಂದ ಮರಿಯ ನೆತ್ತಿಯ ಲೋಳೆ ಒರೆಸುತ್ತಿದ್ದಳು. ಪಟ್ಟೆಕೋಳಿಯ ಮರಿಗಳಿಗೆ ನೆತ್ತಿಯಲ್ಲೊಂದು ಬಿಳಿ ಮಚ್ಚೆ ಇರುತ್ತದೆ. ಹೇಂಟೆಗೆ ಸಣ್ಣದು, ಹುಂಜಕ್ಕೆ ಅಗಲವಾಗಿ ಹರಡಿದ್ದು. ಇದರ ಮಚ್ಚೆ ನೆತ್ತಿಯನ್ನೆಲ್ಲ ತುಂಬಿತ್ತು.

"ಹುಂಜ," ಎಂದಳು.

"ನಿಜವಾಗ್ಲೂ?" ದೊಡ್ಡಪ್ಪ ಕೇಳಿದ. ಲೋಳೆ ಅವನ ಗಲ್ಲದಿಂದ ತೊಟ್ಟಿಕ್ಕುತ್ತಿತ್ತು.

"ಕನ್ನಡಕ ಒರೆಸ್ಕೊಂಡು ನೀನೇ ನೋಡು."

ಬಾಯಿ ಮುಕ್ಕಳಿಸಿ ಬರುವವರೆಗೆ ಹಿಡಿದುಕೋ ಎಂದು ಮರಿಯನ್ನು ನನ್ನ ಕೈಗೆ ಹಾಕಿದಳು. ಹೊಕ್ಕುಳು ಪೂರ್ತಿ ಮುಚ್ಚಿರಲಿಲ್ಲ. ಒದ್ದೆ ಹೊಟ್ಟೆ ನನ್ನ ಅಂಗೈಯಲ್ಲಿ ಪಚಪಚ ಬಡಿದುಕೊಳ್ಳುತ್ತಿತ್ತು. ಕೈ ಚಾಚಿ ದೂರ ಹಿಡಿದೆ.

"ಹತ್ರ ಹಿಡ್ಕೊ," ಎಂದು ಬಚ್ಚಲಿನಿಂದ ಕೂಗಿದಳು. "ಚಳಿಗೆ ಸತ್ತೋಗುತ್ತೆ."

ಸಮವಸ್ತ್ರಕ್ಕೆ ಒತ್ತಿ ಹಿಡಿದೆ. ಲೋಳೆ ಒಳಗಿನ ಬನಿಯನ್ನಿಗೂ ಇಳಿಯಿತು. ಮತ್ತೆ ವಾಂತಿ ಗಂಟಲವರೆಗೆ ಬಂತು, ನುಂಗಿಕೊಂಡೆ.