ಓದಿದ ಮೇಲಿನ ಹೆಸರು

ಆದೋನಿಯ ಹತ್ತಿ ಮಿಲ್ಲೊಂದರಲ್ಲಿ ಬೇಲ್ ಕಟ್ಟುವ ಪ್ರೆಸ್ಸಿಗೆ ಸಿಕ್ಕಿ ಹುಸೇನಮ್ಮನ ಬಲಗೈಯ ಮೂರು ಬೆರಳು ಹೋದವು. ಪ್ರೆಸ್ಸಿನ ಮೇಸ್ತ್ರಿ ಸುಂಕಣ್ಣ ಅವಳ ಒಡಹುಟ್ಟಿದ ಅಣ್ಣ. ಪ್ರೆಸ್ಸಿನ ಬಾಗಿಲ ಕೊಂಡಿ ಸಡಿಲಾಗಿದೆ, ಅದನ್ನು ನಿಲ್ಲಿಸಿ ಎಂದು ಆರು ದಿನ ಮುಂಚೆಯೇ ಮಾಲೀಕರಿಗೆ ಮೇಲ್ ಕಳಿಸಿದ್ದೆ ಎಂದ ಅವನು. ಬಂದೇ ಇಲ್ಲ ಎಂದರು ಮಾಲೀಕ ಹಾಲಸ್ವಾಮಿ. ಇಪ್ಪತ್ತೆರಡು ವರ್ಷ ದುಡಿದವನ ಕೆಲಸ, ತಂಗಿಯ ಮುಂದೆ ಅವನ ಮಾನ, ಎಲ್ಲಾ ಅದೊಂದು ಮೇಲಿಗೆ ಜೋತುಬಿದ್ದವು.

ಮಿಲ್ಲಿನ ಮೇಲ್ ಸರ್ವರ್ ನೋಡಿಕೊಳ್ಳುವವಳು ಭುವನಾ. ಅದಕ್ಕೆ ಜೋಡಿಸುವ ಪುಟ್ಟ ಪ್ರೋಗ್ರಾಂ, ಒಂದು ಪ್ಲಗಿನ್ನನ್ನು ಅವಳೇ ಬರೆದಿದ್ದಳು. ಸರ್ವರಿಗೆ ಬಂದ ಪ್ರತಿ ಮೇಲೂ ಒಂದು ಫೈಲು. ಬಂದ ಗಳಿಗೆಯಲ್ಲೇ ಪ್ಲಗಿನ್ ಅದರ ಹೆಸರು ಬರೆದಿಟ್ಟುಕೊಳ್ಳುವುದು. ಕೇಳಿದಾಗ ಆ ಹೆಸರು ಹಿಡಿದು ಹೋಗಿ, ಫೈಲು ತೆರೆದು, ಯಾರು ಕಳಿಸಿದ್ದು, ಏನು ವಿಷಯ ಎಂದು ಪಟ್ಟಿ ಕೊಡುವುದು. ಸಿಗದ ಹೆಸರನ್ನು ಸದ್ದಿಲ್ಲದೆ ಬಿಟ್ಟು ಮುಂದೆ ಹೋಗುವುದು. ಭುವನಾಗೆ ಅದರ ಮೇಲೆ ಎಲ್ಲಿಲ್ಲದ ಜಂಬ, ಬುತ್ತಿ ಬಿಚ್ಚಿದರೂ ಅದರದ್ದೇ ಮಾತು.

"ನನ್ನ ಮೇಲ್ ಯಾರೂ ಮುಟ್ಟಂಗಿಲ್ಲ," ಎಂದರು ಹಾಲಸ್ವಾಮಿ. "ಮುಂಜಾನೆ ಪೂಜಿ ಮುಗಿಸಿ ನಾನೇ ತೆಗಿತೀನಿ, ನಾನೇ ಓದ್ತೀನಿ. ಬೇಕಾದ್ರ ನಿನ್ನ ಪಟ್ಟಿ ನೋಡಿ ಹೇಳಮ್ಮ."

ಸುಂಕಣ್ಣ ಹೇಳಿದ ದಿನದ ಪಟ್ಟಿಯಲ್ಲಿ ಎರಡು ಜಾಹೀರಾತಿನ ಮೇಲ್ ಮಾತ್ರ ಇದ್ದವು.

"ಇನ್ನೊಮ್ಮೆ ನೋಡು ತಲ್ಲೀ," ಎಂದ ಸುಂಕಣ್ಣ. "ನಾನೇ ಕುಂತು ಕಳಿಸೀನಿ."

"ಇದ್ರಾಗ ಇಲ್ಲ ಅಂದ್ರ ಬಂದಿಲ್ಲ ಅಂತ್ಲೇ ಸುಂಕಣ್ಣ."

ಭುವನಾ ಹಾಗೆಂದೇ ಬರೆದು ಸಹಿ ಹಾಕಿಕೊಟ್ಟಳು. ಆ ಕಾಗದವನ್ನು ಆಸ್ಪತ್ರೆಯಲ್ಲಿದ್ದ ಹುಸೇನಮ್ಮನಿಗೂ ತಾನೇ ಹೋಗಿ ಓದಿ ಹೇಳಿದಳು. ಮಾಲೀಕರು ಹೇಳಿದ್ದರು, ಇವಳು ಹೋದಳು. ಸುಂಕಣ್ಣನನ್ನು ಕೆಲಸದಿಂದ ತೆಗೆದರು.

ಹದಿನೈದು ದಿನದ ಮೇಲೆ ಭುವನಾ ರಜೆ ಕೇಳಿ ಹಾಲಸ್ವಾಮಿಯವರಿಗೆ ಮೇಲ್ ಕಳಿಸಿದಳು. ಬೆಳಗ್ಗೆ ಪಟ್ಟಿಯಲ್ಲಿದ್ದ ಅದು ಮಧ್ಯಾಹ್ನ ಇರಲಿಲ್ಲ. ರಜೆ ಮಾತ್ರ ಮಂಜೂರಾಗಿತ್ತು. ಸರ್ವರಿನ ಫೋಲ್ಡರುಗಳನ್ನೇ ತೆರೆದು ನೋಡಿದಳು. ಮೇಲ್ ಓದಿದ ಕೂಡಲೇ ಸರ್ವರು ಆ ಫೈಲಿನ ಹೆಸರಿನ ತುದಿಗೆ ಓದಿದ ಗುರುತು ಸೇರಿಸಿ ಹೆಸರನ್ನೇ ಬದಲಿಸುತ್ತಿತ್ತು. ಹಳೆ ಹೆಸರು ಹಿಡಿದು ಹೋದ ಪ್ಲಗಿನ್ನಿಗೆ ಅದು ಸಿಗುತ್ತಿರಲಿಲ್ಲ. ಹೆಸರನ್ನು ಬರೆದಿಟ್ಟುಕೊಳ್ಳಬಾರದು, ಬೇಕಾದಾಗಲೆಲ್ಲ ಸರ್ವರನ್ನೇ ಕೇಳಬೇಕು. ಕೈಪಿಡಿಯಲ್ಲಿದ್ದ ಮಾತೇ, ಈ ಜಾಣೆಗೆ ಓದುವ ವ್ಯವಧಾನ ಇರಲಿಲ್ಲ. ಯಾರೂ ತೆರೆಯದ ಮೇಲುಗಳ ಮೇಲೆ ಪರೀಕ್ಷೆ ಮಾಡಿ, ಸರಿಯಿದೆ ಎಂದು ಬೀಗಿದ್ದಳು.

ಸುಂಕಣ್ಣನ ಮೇಲ್ ಅಲ್ಲೇ ಇತ್ತು. ಹೆಸರಿನ ತುದಿಯಲ್ಲಿ ಓದಿದ ಗುರುತೂ ಇತ್ತು.

ಪ್ರಿಂಟ್ ತೆಗೆದು ಹಾಲಸ್ವಾಮಿಯವರ ಮುಂದಿಟ್ಟಳು. ಅವರು ಕನ್ನಡಕ ಏರಿಸಿ ನಿಧಾನವಾಗಿ ನೋಡಿದರು.

"ಹೌದು, ಓದಿದ್ದೆ. ಸೀಜನ್ ಇತ್ತು. ಪ್ರೆಸ್ ನಿಲ್ಲಸಾಕ ಆಗತಿತ್ತೇನು?"

"ಮತ್ತ ಬಂದಿಲ್ಲ ಅಂದ್ರಲ್ರಿ."

"ನಾ ಅಂದಿದ್ದು ಯಾರು ನಂಬತಿದ್ರು? ಓದಿದ್ದು ನಿನ್ನ ಪಟ್ಟಿಯಾಗ ಇರಂಗಿಲ್ಲ ಅಂತ ನಾ ಎಂದೋ ನೋಡಿದ್ದೆ. ನೀ ಬರದುಕೊಟ್ಟಿ, ನಂಬಿದ್ರು. ಹೋಗು, ರಜಾ ಐತಲ್ಲ ನಿನಗ."

ನಾಚಿಕೆಯಿಂದ ಮೈಯೆಲ್ಲ ಹಿಡಿಯಾಗಿ ಅವಳು ಸುಂಕಣ್ಣನ ಮನೆಗೆ ಹೋದಳು. ಅವನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಮೇಲಿತ್ತು.

"ಕಳಿಸಿದ್ದು ನನಗ ಗೊತ್ತಿದ್ದದ್ದೇ. ನನ್ನ ತಂಗಿಗಿ ಹೇಳು," ಎಂದ. "ಆಕಿ ನನ್ನ ಮಕ ನೋಡವಲ್ಲಳು."

ಹುಸೇನಮ್ಮ ಕಟ್ಟು ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ತನ್ನ ಮನೆಯ ಬಾಗಿಲಲ್ಲಿ ಕೂತಿದ್ದಳು. ಭುವನಾ ಮೇಲನ್ನು ಓದಿದಳು, ತಪ್ಪು ತನ್ನದೆಂದಳು, ಹೆಸರು ಬದಲಾದದ್ದನ್ನು ತಿಳಿಯುವ ಹಾಗೆ ಮೂರು ಸಲ ಹೇಳಿದಳು. ಹುಸೇನಮ್ಮ ಎಲ್ಲವನ್ನೂ ಕೇಳಿ, ಎಡಗೈಯಿಂದ ಕಾಗದವನ್ನು ಹಿಂದಕ್ಕೆ ತಳ್ಳಿದಳು.

"ಅವತ್ತೂ ಹಿಂಗೇ ಕಾಗದ ಓದಿದ್ದಿ. ಈಗೇನು, ನಮ್ಮಣ್ಣ ಬಂದು ನಿನ್ನ ಕಾಲು ಹಿಡದನೇನು?"