ನಾಲ್ಕು ಹೆಜ್ಜೆ ಮುಂದೆ

ಗಂಗಾವತಿಯ ರೈಸ್ ಮಿಲ್ಲೊಂದರ ಗೇಟು ಕಾಯುವ ಹನಮೇಶ ವರ್ಷಕ್ಕೆ ಒಂದೇ ಒಂದು ರಜೆ ಕೇಳುತ್ತಿದ್ದ. ಅದು ಯಾವ ದಿನ ಅಂತ ಮಿಲ್ಲಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬೆಳಗಿನ ಬಸ್ಸು ಹಿಡಿದು ಕೊಪ್ಪಳಕ್ಕೆ ಹೋಗಿ, ಅಲ್ಲಿಂದ ಆಟೋದಲ್ಲಿ ಭಾಗ್ಯನಗರ ಸೇರುತ್ತಿದ್ದ. ಅವನ ಜೊತೆ ಮಿಲಿಟರಿಯಲ್ಲಿದ್ದು ಕಾದಾಟದಲ್ಲಿ ಸತ್ತ ಕಾಶಿನಾಥನ ಮನೆ ಅಲ್ಲಿತ್ತು. ಕಾಶಿನಾಥನ ಹೆಂಡತಿ ಶೈಲಶ್ರೀ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಳು. ಅವತ್ತು ಕಾಶಿನಾಥ ಸತ್ತ ದಿನ, ಅವನ ಫೋಟೋಕ್ಕೆ ಹೂವು ಏರಿಸುತ್ತಿದ್ದರು. ಓಣಿಯ ನಾಲ್ಕು ಮಂದಿ ಬಂದು ಕೈ ಮುಗಿದು ಹೋಗುತ್ತಿದ್ದರು. ಹನಮೇಶ ಊಟ ಮಾಡಿ, ಎರಡು ಮಾತಾಡಿ, ಸಂಜೆಯೊಳಗೆ ಗಂಗಾವತಿಗೆ ಮರಳುತ್ತಿದ್ದ.

ಉಳಿದ ದಿನಗಳಲ್ಲಿ ಅವನಿಗೆ ಮಾತಾಡುವವರು ಕಡಿಮೆ. ಅಣ್ಣ ಕನಕರಾಜ ಹುಲಿಹೈದರದಲ್ಲಿ ಹೊಲ, ಎಮ್ಮೆ ನೋಡಿಕೊಂಡಿದ್ದ. ಬಾ ಅಂತ ಕರೆಯುತ್ತಿದ್ದ, ಕನ್ಯೆ ನೋಡುತ್ತೇನೆ ಅಂತಲೂ ಅನ್ನುತ್ತಿದ್ದ. ಹನಮೇಶ ಹೂಂ ಅಂದು ಹೋಗದೆ ಉಳಿಯುತ್ತಿದ್ದ. ಸ್ವಾತಂತ್ರ್ಯ ದಿನಕ್ಕೆ ಯಾವುದಾದರೂ ಸಾಲಿಯವರು ಕರೆದು ಶಾಲು ಹೊದಿಸುತ್ತಿದ್ದರು. ಆರು ಜನ ನಲವತ್ತು ಜನರನ್ನು ತಡೆದ ಕತೆ ಹೇಳಿ ಅನ್ನುತ್ತಿದ್ದರು. ಅವನು ಹೇಳುತ್ತಿದ್ದ. ಮಕ್ಕಳು ಚಪ್ಪಾಳೆ ಹೊಡೆಯುತ್ತಿದ್ದರು. ಆ ಶಾಲುಗಳನ್ನೆಲ್ಲ ಒಂದು ಗೋಣಿಚೀಲದಲ್ಲಿ ತುಂಬಿ ಮಂಚದ ಕೆಳಗೆ ತಳ್ಳಿದ್ದ. ಕತೆಯಲ್ಲಿ ಒಂದು ಮಾತನ್ನು ಅವನು ಎಂದೂ ಹೇಳಿರಲಿಲ್ಲ.

ಆರನೆಯ ವರ್ಷ ಹೋದಾಗ ಶೈಲಶ್ರೀ ಒಂದು ಹಾಳೆ ತಂದು ಅವನ ಕೈಯಲ್ಲಿ ಇಟ್ಟಳು. ಓಣಿಯವರೆಲ್ಲ ಸೇರಿ ಕಾಶಿನಾಥನ ಹೆಸರಿನಲ್ಲಿ ಕಲ್ಲು ನಿಲ್ಲಿಸುತ್ತಿದ್ದರು. ಅದರ ಮೇಲೆ ಕೆತ್ತುವ ಮಾತು ಹಾಳೆಯಲ್ಲಿತ್ತು. ‘ಕಾಲು ಉಳುಕಿ ಹೆಜ್ಜೆ ಇಡಲಾಗದಿದ್ದರೂ ಕೊನೆಯವರೆಗೆ ಕಾದಾಡಿದ ವೀರ’ ಎಂದು ಬರೆದಿದ್ದರು. ತಪ್ಪೇನಾದರೂ ಇದ್ದರೆ ನೋಡಿ ಹೇಳಬೇಕಂತೆ.

ಹನಮೇಶ ಹಾಳೆಯನ್ನು ಎರಡು ಸಲ ಓದಿದ. ಪ್ರತಿ ವರ್ಷ ಆಕೆ ಅದನ್ನೇ ಅನ್ನುತ್ತಿದ್ದಳು. ಆ ಕಾಲೊಂದು ಉಳುಕದೇ ಇದ್ದಿದ್ದರೆ ನನ್ನ ಗಂಡ ಇವತ್ತು ಮನೆಯಲ್ಲಿ ಇರುತ್ತಿದ್ದ ಅಂತ. ಆ ಗುಡ್ಡದ ಕಲ್ಲಿಗೆ ಬೈಯುತ್ತಿದ್ದಳು, ಬೂಟಿಗೆ ಬೈಯುತ್ತಿದ್ದಳು. ಅವನು ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದ. ಈಗ ಅದು ಕಲ್ಲಿನ ಮೇಲೆ ಬರುತ್ತಿತ್ತು.

ಮಂದಿ ಹೋಗಲಿ ಅಂತ ಕಾದ. ಮಗಳು ಅಮೃತಾ ಊಟ ಮುಗಿಸಿ ಮತ್ತೆ ಸಾಲಿಗೆ ಹೋದಳು. ಶೈಲಶ್ರೀ ಮಷೀನಿನ ಮುಂದೆ ಕೂತು ಯಾರದೋ ಜಂಪರಿಗೆ ತೋಳು ಹೊಲಿಯುತ್ತಿದ್ದಳು.

“ಅಕ್ಕಾರ, ಇದನ್ನ ಕೆತ್ತಸಬ್ಯಾಡ್ರಿ” ಅಂದ ಹನಮೇಶ. “ಅವನ ಕಾಲು ಉಳುಕಿರಲಿಲ್ಲ.”

ಆಕೆ ಮಷೀನು ನಿಲ್ಲಿಸಿದಳು. ಹನಮೇಶ ಮೊದಲಿನಿಂದ ಹೇಳಿದ.

ಗಡಿಯಲ್ಲಿ ಕಾದಾಟ ಜೋರಾಗಿದ್ದ ದಿನಗಳು ಅವು. ಮೇಲಿನ ಠಾಣೆಯಿಂದ ಗಾಯಾಳುಗಳ ಮೂರು ಗಾಡಿ ಗುಡ್ಡದ ದಾರಿಯಲ್ಲಿ ಇಳಿದು ಬರುವುದಿತ್ತು. ದಾರಿ ನೋಡಿಕೊಂಡು ಬರಲಿ ಅಂತ ಹನಮೇಶ, ಕಾಶಿನಾಥ ಸೇರಿ ಆರು ಜನರನ್ನು ಮುಂದೆ ಕಳಿಸಿದ್ದರು. ಬೆಳಗಾವಿ ಕಡೆಯ ಹವಾಲ್ದಾರ ಶಾಂತಕುಮಾರ ಅವರ ಮುಖಂಡ. ಒಂದು ತಿರುವಿನಲ್ಲಿ ಎರಡೂ ಕಡೆಯ ಗುಡ್ಡದಿಂದ ಗುಂಡು ಬಿದ್ದವು. ಹೊಂಚು ಹಾಕಿ ಕೂತಿದ್ದವರು ನಲವತ್ತಕ್ಕೆ ಕಡಿಮೆ ಇರಲಿಲ್ಲ. ಮೊದಲ ಏಟಿಗೇ ಇಬ್ಬರು ಹೋದರು. ವೈರ್‌ಲೆಸ್ ಸೆಟ್ಟೂ ಒಡೆಯಿತು. ಉಳಿದ ನಾಲ್ವರು ಬಂಡೆಗಳ ಹಿಂದೆ ಬಿದ್ದುಕೊಂಡು ಗುಂಡಿಗೆ ಗುಂಡು ಕೊಟ್ಟರು.

ಗಾಡಿಗಳು ಹೊರಟಾಗಿದ್ದವು. ಅವುಗಳಲ್ಲಿ ಇಪ್ಪತ್ತೆರಡು ಮಂದಿ ಏಳಲಾಗದೆ ಮಲಗಿದ್ದರು. ಯಾರಾದರೊಬ್ಬರು ಹಿಂದೆ ಓಡಿ ಅವುಗಳನ್ನು ತಡೆಯಬೇಕಿತ್ತು. ನೂರು ಗಜ ಬಯಲು ದಾಟಿದರೆ ಹಳ್ಳ. ಹಳ್ಳಕ್ಕಿಳಿದವನಿಗೆ ಬದುಕುವ ಅವಕಾಶ ಇತ್ತು. ಬಂಡೆಯ ಹಿಂದೆ ಉಳಿದವರಿಗೆ ಅದು ಇರಲಿಲ್ಲ. ಅದು ನಾಲ್ವರಿಗೂ ತಿಳಿದಿತ್ತು.

ಕಾಶಿನಾಥನ ಕಡೆ ಹವಾಲ್ದಾರ ಕೈ ತೋರಿಸಿದ. “ನಿನಗ ಹೆಂಡತಿ, ಮಗಳು ಅದಾರ. ನೀ ಹೋಗು.”

ಕಾಶಿನಾಥ ಎಡಗಾಲಿನ ಬೂಟು ಹಿಡಿದುಕೊಂಡ. “ಕಾಲು ಉಳಕೈತ್ರಿ ಸಾಹೇಬ್ರ, ಊರಾಕ ಬರವಲ್ದು. ಹನಮೇಶನ್ನ ಕಳಸ್ರಿ.”

ಯೋಚಿಸಲು ಹೊತ್ತು ಎಲ್ಲಿತ್ತು? ಹನಮೇಶ ಎದ್ದು ಓಡಿದ. ಅರ್ಧ ಬಯಲು ದಾಟುವಷ್ಟರಲ್ಲಿ ಸುತ್ತಲಿನ ಮಣ್ಣು ಗುಂಡುಗಳಿಗೆ ಸಿಡಿಯತೊಡಗಿತು. ಇನ್ನೇನು ಮುಗಿಯಿತು ಅನ್ನುವಾಗ ಗುಂಡುಗಳು ಇದ್ದಕ್ಕಿದ್ದಂತೆ ಅವನನ್ನು ಬಿಟ್ಟು ಬೇರೆ ಕಡೆ ತಿರುಗಿದವು. ಹಳ್ಳಕ್ಕೆ ಧುಮುಕಿ ತಿರುಗಿ ನೋಡಿದ. ಕಾಶಿನಾಥ ಬಂಡೆ ಬಿಟ್ಟು ಹೊರಗೆ ಬಂದಿದ್ದ. ಕೂಗುತ್ತಾ, ಗುಂಡು ಹಾರಿಸುತ್ತಾ, ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ಗುಡ್ಡವನ್ನು ಏರುತ್ತಿದ್ದ. ಕುಂಟುತ್ತಿರಲಿಲ್ಲ. ಕೊಪ್ಪಳದ ಮೈದಾನದಲ್ಲಿ ಮಿಲಿಟರಿ ಭರ್ತಿಯ ದಿನ ಇಬ್ಬರೂ ಓಡಿದ್ದರಲ್ಲ, ಹಾಗೇ ಓಡುತ್ತಿದ್ದ.

ಹನಮೇಶ ನೋಡಿದ. ನೋಡಿಯೂ ಮುಂದಕ್ಕೆ ಓಡಿದ. ಗಾಡಿಗಳು ಆ ತಿರುವಿಗೆ ಬರುವ ಮೊದಲೇ ಹಳ್ಳದ ದಾರಿಯಿಂದ ಸುತ್ತಿ ಹೋಗಿ ಅಡ್ಡ ನಿಂತು ತಡೆದ. ಅವು ಹಿಂದಕ್ಕೆ ತಿರುಗಿದವು, ಇಪ್ಪತ್ತೆರಡೂ ಜನ ಉಳಿದರು. ಆದರೆ ನೆರವಿನ ಪಡೆ ಬಂದು ಸೇರುವುದಕ್ಕೆ ಮೂರು ತಾಸು ಹಿಡಿಯಿತು. ಅಷ್ಟೂ ಹೊತ್ತು ಶತ್ರುಗಳನ್ನು ಆ ಮೂವರು ದಾರಿಗೆ ಇಳಿಯಗೊಟ್ಟಿರಲಿಲ್ಲ. ಪಡೆ ಬಂದಾಗ ಮೂವರೂ ಸತ್ತಿದ್ದರು. ಹವಾಲ್ದಾರನ ಹತ್ತಿರ ಒಂದೂ ಗುಂಡು ಉಳಿದಿರಲಿಲ್ಲ. ಕಾಶಿನಾಥ ಎಲ್ಲರಿಗಿಂತ ಮೇಲೆ, ಶತ್ರುಗಳ ಮಷೀನ್‌ಗನ್ನು ಇದ್ದ ಜಾಗಕ್ಕೆ ಹತ್ತಿರ ಬಿದ್ದಿದ್ದ.

ನಿನ್ನನ್ನೇ ಯಾಕೆ ಕಳಿಸಿದರು ಅಂತ ಅಧಿಕಾರಿ ಕೇಳಿದಾಗ, ಕಾಶಿನಾಥನ ಕಾಲು ಉಳುಕಿತ್ತು ಅಂತಲೇ ಹನಮೇಶ ಹೇಳಿದ್ದ. ಅದೇ ಕಾಗದಕ್ಕೆ ಹೋಯಿತು, ಕಾಗದದಿಂದ ಈ ಮನೆಗೆ ಬಂತು.

ಹೇಳಿ ಮುಗಿಸಿದಾಗ ಶೈಲಶ್ರೀ ಕೈಯಲ್ಲಿದ್ದ ಬಟ್ಟೆಯನ್ನು ಮಡಚುತ್ತಾ ಕೂತಿದ್ದಳು. ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚಿದಳು.

“ಅಂದ್ರ ಅವರು ಬರಬಹುದಾಗಿತ್ತು” ಅಂದಳು.

“ಬರಬಹುದಾಗಿತ್ರಿ.”

“ಮತ್ತ ಯಾಕ?”

ಇದನ್ನು ಹನಮೇಶ ಆರು ವರ್ಷದಿಂದ ತನಗೆ ತಾನೇ ಕೇಳಿಕೊಂಡಿದ್ದ. “ನಾ ಅವನಕಿಂತ ಜೋರು ಓಡ್ತಿದ್ನಿರಿ. ಭಾಳ ಏನಿಲ್ಲ, ನಾಕ ಹೆಜ್ಜಿ ಮುಂದ ಇರ್ತಿದ್ದೆ. ಗಾಡಿ ತಿರುವಿಗೆ ಬಂದಿದ್ರ ಅಷ್ಟೂ ಮಂದಿ ಹೋಗ್ತಿದ್ರು. ಅದಕ್ಕ ಇರಬೇಕು ಅಂತ ನಾ ಅಂದ್ಕೊಂಡೀನಿ. ಖರೇ ಏನಂತ ಅವಗಷ್ಟ ಗೊತ್ತು.”

ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತ ಆಕೆ ಕೇಳಬಹುದು ಅಂತ ಅವನು ಎದೆ ಗಟ್ಟಿ ಮಾಡಿಕೊಂಡಿದ್ದ. ಕೇಳಲಿಲ್ಲ. ಅಳಲೂ ಇಲ್ಲ. ಹೊರಗೆ ತರಕಾರಿಯವನು ಕೂಗುತ್ತಾ ಹೋದ.

“ನಿಮ್ಮ ಮ್ಯಾಲೆ ನನಗ ಸಿಟ್ಟಿಲ್ಲರಿ ಅಣ್ಣಾರ” ಅಂದಳು ಕಡೆಗೆ. “ಹೇಳಿದ್ದು ಛಲೋ ಆತು. ಆದ್ರ ಇನ್ನ ನಿಮ್ಮನ್ನ ನೋಡಿದಾಗೆಲ್ಲ ಆ ನಾಕ ಹೆಜ್ಜಿ ನನ್ನ ಕಣ್ಣಿಗೆ ಬರ್ತಾವ. ಮುಂದಿನ ವರ್ಷ ಬರಬ್ಯಾಡ್ರಿ.”

ಅವನು ಆಗಲಿ ಅಂದ. ಎದ್ದು ಫೋಟೋಕ್ಕೆ ಕೈ ಮುಗಿದ. ಆಕೆ ಬಾಗಿಲವರೆಗೆ ಬಂದಳು, ಬಿಸಿಲು ಬಹಳ ಇದೆ, ಆಟೋದಲ್ಲಿ ಹೋಗಿ ಅಂದಳು. ಅವನು ಬಸ್‌ಸ್ಟ್ಯಾಂಡಿನವರೆಗೂ ನಡೆದೇ ಹೋದ.

ನಿಜ ಹೇಳಿದರೆ ಹಗುರಾಗುತ್ತದೆ ಅಂದುಕೊಂಡಿದ್ದ. ಹಗುರಾಗಲಿಲ್ಲ. ಕಾಶಿನಾಥನ ಹೆಸರು ಎತ್ತಿ ಮಾತಾಡಲು ಇದ್ದ ಒಂದು ಮನೆಯೂ ಈಗ ಇಲ್ಲವಾಗಿತ್ತು. ಸಾಲಿಯವರು ಕರೆದರೆ ಬರುವುದಿಲ್ಲ ಅಂತ ಹೇಳತೊಡಗಿದ. ಲಾರಿಗಳು ಬರುತ್ತಿದ್ದವು, ಹೋಗುತ್ತಿದ್ದವು. ನಂಬರು ಬರೆದುಕೊಂಡು ಗೇಟು ತೆಗೆಯುತ್ತಿದ್ದ, ಹಾಕುತ್ತಿದ್ದ. ಭತ್ತದ ಹೊಟ್ಟಿನ ಧೂಳು ಸಂಜೆಗೆ ಅಂಗಿಯ ತುಂಬ ಕೂತಿರುತ್ತಿತ್ತು. ಕೋಣೆಗೆ ಹೋಗಿ ಮೈ ತೊಳೆದು, ಒಬ್ಬನಿಗೆ ಆಗುವಷ್ಟು ಅನ್ನ ಇಟ್ಟುಕೊಳ್ಳುತ್ತಿದ್ದ. ಕಲ್ಲು ನಿಲ್ಲಿಸಿದ ಸುದ್ದಿ ಯಾರಿಂದಲೋ ಬಂತು. ಅದರ ಮೇಲೆ ಹೆಸರು, ಊರು, ತಾರೀಖು ಬಿಟ್ಟರೆ ಬೇರೇನೂ ಬರೆಸಿಲ್ಲವಂತೆ.

ಮರುವರ್ಷ ಆ ದಿನ ಅವನು ರಜೆ ಕೇಳಲಿಲ್ಲ. ಮಿಲ್ಲಿನವರು ಅಚ್ಚರಿಪಟ್ಟರೂ ಯಾರೂ ಕೇಳಲು ಹೋಗಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಗೇಟಿನ ಬದಿಯ ನೆರಳಿನಲ್ಲಿ ಕೂತಿದ್ದಾಗ ಫೋನು ಬಂತು. ಶೈಲಶ್ರೀ. ಹೇಗಿದ್ದೀರಿ ಎಂದು ಕೇಳಲಿಲ್ಲ.

“ಅವತ್ತ ಅವರು ಉಂಡಿದ್ರೇನ್ರಿ?”

ಉಂಡಿದ್ದ ಅಂತ ಹೇಳಿಬಿಡಬಹುದಿತ್ತು. ಮತ್ತೊಂದು ಸುಳ್ಳು ಹೇಳಲು ಹನಮೇಶನಿಗೆ ಬಾಯಿ ಬರಲಿಲ್ಲ.

“ಇಲ್ಲರಿ ಅಕ್ಕಾರ. ನಸುಕಿನ್ಯಾಗ ಚಾ ಅಷ್ಟ ಕುಡದಿದ್ವಿ. ಬುತ್ತಿ ಕಟಗೊಂಡಿದ್ವಿ, ಬಿಚ್ಚಲಿಲ್ಲ.”

“ಆತು” ಅಂದು ಆಕೆ ಫೋನು ಇಟ್ಟಳು. ಒಂದು ಲಾರಿ ಬಂದು ಗೇಟಿನ ಮುಂದೆ ನಿಂತು ಹಾರ್ನು ಹೊಡೆಯಿತು. ಹನಮೇಶ ಎದ್ದು ಗೇಟು ತೆಗೆದ.